ಎಲ್ಲಾ 200, ಪರದೆ ಮಾತ್ರ ಖಾಲಿ

ಡ್ಯಾಶ್‌ಬೋರ್ಡಲ್ಲಿ ಹಸಿರು ಟಿಕ್ಕು. ಹೆಲ್ತ್ ಚೆಕ್ ಪಾಸು. ಲಾಗ್ ತೆಗೆದ್ರೆ ಮೇಲಿಂದ ಕೆಳಗಿನ ತನಕ 200, 200, 200, ಅಂದ್ರೆ ಸರ್ವರ್ ಪ್ರಕಾರ ಎಲ್ಲಾ ಸರಿ. ಆ್ಯಪ್ ಮಾತ್ರ ಸತ್ತು ಮಲಗಿದೆ. ಇದರ ಮೇಲೆ 'ನಿಮ್ಮ ಡಿಪ್ಲಾಯ್ ಯಶಸ್ವಿಯಾಗಿದೆ', ಅಂದ್ರೆ ಹೊಸ ಕೋಡ್ ಸರ್ವರಿಗೆ ಏರಿದೆ ಅಂತ ಮೇಲ್ ಬೇರೆ ಕಳಿಸಿದಾರೆ ಹೋಸ್ಟಿಂಗ್ ಕಂಪನಿಯ ಪುಣ್ಯಾತ್ಮರು. ಯಾವ ಯಶಸ್ಸು ಸ್ವಾಮಿ? ಯಾರಿಗೆ?

ಬಿಲ್ಡ್, ಅಂದ್ರೆ ಕೋಡನ್ನ ಓಡೋ ಫೈಲುಗಳಾಗಿ ಕಟ್ಟೋ ಹಂತ, ಬಿದ್ರೆ ನಂಗೆ ಕೋಪ ಬರಲ್ಲ, ನಿಜವಾಗ್ಲೂ. ಬಿದ್ದಿದ್ದು ಕಣ್ಣಿಗೆ ಕಾಣತ್ತೆ. ಮ್ಯಾಕಲ್ಲಿ ಓಡಿದ್ದು ಸರ್ವರಲ್ಲಿ 'ಮಾಡ್ಯೂಲ್ ಸಿಗ್ತಿಲ್ಲ' ಅಂದ್ರೆ ಬಹುಮಟ್ಟಿಗೆ ಫೈಲ್ ಹೆಸರಲ್ಲಿ ದೊಡ್ಡಕ್ಷರ ಸಣ್ಣಕ್ಷರ ಅದಲು ಬದಲಾಗಿದೆ. ಮ್ಯಾಕೂ ವಿಂಡೋಸೂ ಸಾಮಾನ್ಯವಾಗಿ ಅದನ್ನ ನೋಡಿಯೂ ನೋಡದ ಹಾಗೆ ಇರ್ತವೆ, ಲಿನಕ್ಸ್ ಬಿಡಲ್ಲ. ಬರೀ ಹೆಸರು ತಿದ್ದಿ ಕಮಿಟ್ ಮಾಡಿದ್ರೆ ಕೋಡಿನ ಬದಲಾವಣೆ ಲೆಕ್ಕ ಇಡೋ ಗಿಟ್‌ಗೂ ಅದು ಕಾಣದೇ ಹೋಗಬಹುದು, 'ಗಿಟ್ ಎಂವಿ' ಹಾಕಿಯೇ ಬದಲಾಯಿಸ್ಬೇಕು. 'ವೀಟ್ ಅನ್ನೋ ಕಮಾಂಡ್ ಇಲ್ಲ' ಅಂದ್ರೆ (ವೀಟ್ ಬಿಲ್ಡ್ ಮಾಡೋ ಟೂಲು) ಬಹುಮಟ್ಟಿಗೆ ನೋಡ್ ಎನ್ವಿ ಅನ್ನೋ ಸೆಟ್ಟಿಂಗ್ ಬಿಲ್ಡ್‌ಗೆ ಮುಂಚೇನೇ ಪ್ರೊಡಕ್ಷನ್ ಆಗಿದೆ, ಬಿಲ್ಡಿಗೆ ಬೇಕಾದ ಡೆವ್ ಡಿಪೆಂಡೆನ್ಸಿಗಳು ಇನ್‌ಸ್ಟಾಲೇ ಆಗಿಲ್ಲ. 134 ಅನ್ನೋ ಎಕ್ಸಿಟ್ ಕೋಡಲ್ಲಿ ಸತ್ರೆ ಸಾಮಾನ್ಯವಾಗಿ ಜಾವಾಸ್ಕ್ರಿಪ್ಟ್ ಓಡಿಸೋ ವಿ8 ತನ್ನ ಹೀಪ್ (ಮೆಮರಿ) ಮಿತಿ ಮುಟ್ಟಿ ತಾನಾಗೇ ಉರುಳಿದೆ, ಮ್ಯಾಕ್ಸ್ ಓಲ್ಡ್ ಸ್ಪೇಸ್ ಸೈಜ್ ಏರಿಸಿ ನೋಡಬಹುದು. 137ರಲ್ಲಿ ಸತ್ರೆ ಹೊರಗಿಂದ ಯಾರೋ ಕೊಂದಿದಾರೆ, ಬಹುಮಟ್ಟಿಗೆ ಕಂಟೇನರಿನ (ಆ್ಯಪ್ ಓಡೋ ಪೆಟ್ಟಿಗೆಯ) ಮೆಮರಿ ಮುಗಿದಿರತ್ತೆ. ಅಲ್ಲಿ ಅದೇ ಫ್ಲಾಗ್ ಏರಿಸಿದ್ರೆ ಸಾವು ಇನ್ನೂ ಬೇಗ ಬರಬಹುದು. ಬಿಲ್ಡ್ ಸರಿಯಿದ್ದು 502 (ಮುಂದಿರೋ ಸರ್ವರಿಗೆ ಆ್ಯಪ್ ಸಿಗ್ತಿಲ್ಲ) ಬಂದ್ರೆ ಬಹುಮಟ್ಟಿಗೆ ಆ್ಯಪ್ ಲೋಕಲ್‌ಹೋಸ್ಟಿಗೆ, ಅಂದ್ರೆ ಆ ಮೆಷೀನಿನ ಒಳಗಿನ ವಿಳಾಸಕ್ಕೆ, ಅಂಟ್ಕೊಂಡು ಕೂತಿದೆ. ಹೊರಗಿಂದಲೂ ಸಿಗೋ ಹಾಗೆ 0.0.0.0ಗೆ ಬೈಂಡ್ ಮಾಡಿ, ಪೋರ್ಟ್ ನಂಬರನ್ನ ಎನ್ವಿರಾನ್‌ಮೆಂಟಿಂದ ತಗೊಳ್ಳಿ, ಮುಗೀತು.

ಇವೆಲ್ಲ ಮರ್ಯಾದಸ್ಥ ತೊಂದರೆಗಳು. ಬಾಗಿಲಲ್ಲೇ ನಿಂತು ಜಗಳ ಆಡ್ತವೆ. ನಾನು ಹೇಳ್ತಿರೋದು ನಗುನಗ್ತಾ 200 ಕೊಟ್ಟು ಕತ್ತು ಕೊಯ್ಯೋ ಜಾತಿ.

ಸ್ಕ್ರೀನ್ ಶೇರ್ ಆನ್ ಇದೆ. ಆ ಕಡೆ ಗ್ರಾಹಕರ ಇಡೀ ತಂಡ. ಲಿಂಕ್ ಒತ್ತಿದ್ರೆ ಟ್ಯಾಬ್ ಮೇಲೆ ಆ್ಯಪಿನ ಹೆಸರು ಬಂತು, ಪಕ್ಕದಲ್ಲಿ ಪುಟ್ಟ ಐಕಾನ್ ಬಂತು, ಕೆಳಗೆ ಬರೀ ಬಿಳಿ. ಬಿಳಿ ಅಂದ್ರೆ ತಪ್ಪು ಸಂದೇಶ ಇಲ್ಲ, ತಿರುಗೋ ಚಕ್ರ ಇಲ್ಲ, ಏನೂ ಇಲ್ಲ. 'ಒಂದ್ನಿಮಿಷ, ಲೋಡ್ ಆಗ್ತಿದೆ' ಅಂದೆ. ಆ ಕಡೆಯಿಂದ ಒಬ್ಬರು ಮೇಡಂ, ತುಂಬಾ ಮೆತ್ತಗೆ, 'ಲೋಡ್ ಆಗ್ತಿರೋ ಥರ ಕಾಣ್ತಿಲ್ವಲ್ಲ ಸರ್' ಅಂದ್ರು. ಸರಿಯಾಗೇ ಹೇಳಿದ್ರು. ರಿಫ್ರೆಶ್. ಬಿಳಿ. ಮತ್ತೆ ರಿಫ್ರೆಶ್. ಮತ್ತೆ ಅದೇ ಬಿಳಿ. ಎಲ್ಲರ ಮುಂದೆ ಬ್ರೌಸರಿನ ತಪ್ಪುಗಳು ಕಾಣೋ ಕನ್ಸೋಲ್ ತೆಗೀಬೇಕಾಯ್ತು. ಒಂದೇ ಒಂದು ಕೆಂಪು ಸಾಲು: ಜಾವಾಸ್ಕ್ರಿಪ್ಟ್ ಮಾಡ್ಯೂಲ್ ಬೇಕಿತ್ತು, ಸರ್ವರ್ ಕೊಟ್ಟಿದ್ದು ಎಚ್‌ಟಿಎಂಎಲ್ ಅಂತ. 'ಆ ಕೆಂಪಗಿರೋದು ಏನು ಸರ್?' ಅಂತ ಇನ್ನೊಬ್ರು. ಉತ್ತರ ಕೊಡೋಕೆ ಬಾಯಿ ತೆಗೆಯೋ ಹೊತ್ತಿಗೆ ಮೇಡಂ ತಮ್ಮ ಫೋನನ್ನ ಕ್ಯಾಮೆರಾಗೆ ಹಿಡಿದು ತೋರಿಸಿದ್ರು. 'ನೋಡಿ, ನನ್ ಫೋನಲ್ಲಿ ಚೆನ್ನಾಗೇ ಬರ್ತಿದೆ. ನಿಮ್ ಇಂಟರ್ನೆಟ್ ಸರಿಯಿಲ್ವೇನೋ?'

ನನ್ ಇಂಟರ್ನೆಟ್!

ಅವರ ಫೋನಲ್ಲಿ ನಿಜವಾಗ್ಲೂ ಬರ್ತಿತ್ತು, ಅದೇ ಹೊಟ್ಟೆ ಉರಿಯೋ ವಿಷಯ. ಆ ಪುಟ ತೆರೆದಿತ್ತು, ಪಟ್ಟಿ ತುಂಬಿತ್ತು, ಬಟನ್ ನೀಲಿಯಾಗಿತ್ತು. ಇಲ್ಲಿ ಬಿಳಿ ಹಾಳೆ. ಸಿಡಿಎನ್ ಅಂದ್ರೆ ಫೈಲುಗಳ ಪ್ರತಿಯನ್ನ ಊರೂರಲ್ಲಿ ಇಟ್ಟು ಹಂಚೋ ಸರ್ವರ್ ಜಾಲ, ಅದರ ಒಂದೊಂದು ಜಾಗ ಒಂದು ಎಡ್ಜ್. ಆ ಕ್ಷಣದಲ್ಲಿ 'ಸಿಡಿಎನ್ ಎಡ್ಜ್ ಬೇರೆ ಇರಬಹುದು ಮೇಡಂ' ಅಂತ ಹೇಳಿದ್ರೆ ನೆಪ ಹೇಳ್ತಿದಾನೆ ಅನ್ಕೊಳ್ತಾರೆ. ನೆಪಾನೇ ಅನ್ಸತ್ತೆ ಕೇಳೋರಿಗೆ. ನಂಗೂ ಹಾಗೇ ಕೇಳಿಸ್ತು.

ನೆಟ್‌ವರ್ಕ್ ಟ್ಯಾಬಲ್ಲಿ ಏನಿತ್ತು ಗೊತ್ತಾ? ಮುಖ್ಯ ಜೆಎಸ್ (ಜಾವಾಸ್ಕ್ರಿಪ್ಟ್) ಫೈಲು, ಹೆಸರಿನ ಕೊನೆಗೆ ಹೊಸ ಹ್ಯಾಶ್ (ಒಳಗಿನ ಕೋಡಿಂದ ಹುಟ್ಟೋ ಅಕ್ಷರಗಳು), ಸ್ಟೇಟಸ್ 200, ಟೈಪ್ ಎಚ್‌ಟಿಎಂಎಲ್. ಒಳಗೆ ಇಣುಕಿದ್ರೆ ಮೊದಲ ಸಾಲೇ ಡಾಕ್‌ಟೈಪ್. ಅಂದ್ರೆ ಜಾವಾಸ್ಕ್ರಿಪ್ಟ್ ಹೆಸರಿನಲ್ಲಿ ಆ್ಯಪಿನ ಮೊದಲ ಎಚ್‌ಟಿಎಂಎಲ್ ಪುಟ, ಅಂದ್ರೆ ಇಂಡೆಕ್ಸ್ ಪುಟ, ಬಂದು ಕೂತಿದೆ. ಜೊತೆಗೆ ಕ್ಯಾಶ್ (ಫೈಲಿನ ಪ್ರತಿ ಇಟ್ಕೊಳ್ಳೋದು) ಎಷ್ಟು ಹೊತ್ತು ಅಂತ ಹೇಳೋ ಕ್ಯಾಶ್ ಕಂಟ್ರೋಲ್ ಹೆಡರ್: ಮ್ಯಾಕ್ಸ್ ಏಜ್ 31536000, ಇಮ್ಯೂಟಬಲ್. ಸೆಕೆಂಡಲ್ಲಿ ಅಷ್ಟು ಅಂದ್ರೆ 365 ದಿನ. ಒಂದು ವರ್ಷ ಈ ಸುಳ್ಳನ್ನ ಭದ್ರವಾಗಿ ಇಟ್ಕೊಳ್ಳಿ, ಮತ್ತೆ ಕೇಳೋಕೂ ಬರಬೇಡಿ ಅಂತ ಬ್ರೌಸರಿಗೆ ಅಪ್ಪಣೆ.

ಇದು ಹೇಗಾಗತ್ತೆ ಅಂದ್ರೆ, ಆ್ಯಪಿನ ಎರಡು ಇನ್‌ಸ್ಟೆನ್ಸ್ (ಎರಡು ಪ್ರತಿ) ಓಡ್ತಿರತ್ತೆ. ರೋಲಿಂಗ್ ಡಿಪ್ಲಾಯ್ (ಒಂದೊಂದಾಗಿ ಬದಲಾಯಿಸೋದು) ಶುರುವಾದಾಗ ಹೊಸದು ಎದ್ದಿರತ್ತೆ, ಹಳೇದು ಇನ್ನೂ ಹೋಗಿರಲ್ಲ. ಯಾರೋ ಒಬ್ಬರು ಆ ಸಂದಿಯಲ್ಲಿ ಪುಟ ತೆರೀತಾರೆ. ಮೊದಲ ರಿಕ್ವೆಸ್ಟು ಹೊಸ ಇನ್‌ಸ್ಟೆನ್ಸಿಗೆ ಹೋಗಿ ಹೊಸ ಇಂಡೆಕ್ಸ್ ತರತ್ತೆ. ಅದರಲ್ಲಿರೋ ಹೊಸ ಜೆಎಸ್ ಹೆಸರು ಹಿಡ್ಕೊಂಡು ಎರಡನೇ ರಿಕ್ವೆಸ್ಟು ಹಳೇ ಇನ್‌ಸ್ಟೆನ್ಸಿಗೆ ಹೋಗತ್ತೆ. ಅದರ ಹತ್ರ ಆ ಫೈಲ್ ಎಲ್ಲಿಂದ ಬರಬೇಕು? 404, ಅಂದ್ರೆ 'ಫೈಲ್ ಇಲ್ಲ' ಅಂತ, ಕೊಟ್ಟಿದ್ರೆ ಕಥೆ ಅಲ್ಲಿಗೇ ಮುಗೀತಿತ್ತು. ಆದರೆ ಸಿಂಗಲ್ ಪೇಜ್ ಆ್ಯಪ್ ಮೋಡ್ ಇದೆಯಲ್ಲ, ಯಾವ ದಾರಿ ಕೇಳಿದ್ರೂ ಇಂಡೆಕ್ಸ್ ಪುಟ ಕೊಡು, 200 ಹಾಕು ಅನ್ನೋ ನಿಯಮ. ಕೊಡ್ತು. ಅದರ ಮೇಲೆ ಜೆಎಸ್ ಫೈಲುಗಳು ಇರೋ ಅಸೆಟ್ಸ್ ಫೋಲ್ಡರಿನ ಹೆಸರು ನೋಡಿ ವರ್ಷದ ಕ್ಯಾಶ್ ಹಚ್ಚೋ ಇನ್ನೊಂದು ನಿಯಮ. ಹಚ್ತು. ಒಳಗೆ ಏನಿದೆ ಅಂತ ನೋಡೋ ಗೋಜೇ ಇಲ್ಲ. ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ ಎಡ್ಜ್ ಅದನ್ನ ಒಯ್ದು ಕಟ್ಕೊಂಡ್ತು. ಆ ಎಡ್ಜಿಂದ ಬರೋರಿಗೆಲ್ಲ ಇನ್ಮೇಲೆ ಬಿಳಿ ಹಾಳೆಯೇ ಪ್ರಸಾದ. ಮೇಡಂ ಫೋನ್ ಮೊಬೈಲ್ ಡೇಟಾದಲ್ಲಿ ಬೇರೆ ಎಡ್ಜಿಗೆ ಹೋಗಿತ್ತು, ಅಲ್ಲಿ ಅಸಲಿ ಫೈಲ್ ಇತ್ತು.

ಎರಡೂ ನಿಯಮ ಈ ಹೋಸ್ಟಿನವರೇ 'ಶಿಫಾರಸು ಮಾಡಲಾಗಿದೆ' ಅಂತ ಪಟ್ಟಿ ಹಚ್ಚಿ ಕೊಟ್ಟಿರೋ ಟಾಗಲ್ಲುಗಳು! ಒಂದೊಂದಾಗಿ ನೋಡಿದ್ರೆ ಎರಡೂ ಸರಿ. ಜೊತೆಗಿಟ್ರೆ ವಿಷ. ಎರಡನ್ನೂ ಒಟ್ಟಿಗೆ ಆನ್ ಮಾಡಿದ್ರೆ ಒಂದು ಎಚ್ಚರಿಕೆ ಸಾಲು ತೋರಿಸೋಕೆ ಏನು ಖರ್ಚು? ಹೆಲ್ತ್ ಚೆಕ್ ಅಂತೆ ಹೆಲ್ತ್ ಚೆಕ್. ಬರೀ ಸ್ಲ್ಯಾಶ್, ಅಂದ್ರೆ ಮೊದಲ ಪುಟ, ಕೇಳತ್ತೆ, 200 ಬಂದ್ರೆ ಟಿಕ್ಕು ಒತ್ತತ್ತೆ. ಆ ಎಲ್ಲದಕ್ಕೂ ಇಂಡೆಕ್ಸ್ ಅನ್ನೋ ನಿಯಮ ಇದ್ದಾಗ ಯಾವ ಹುಚ್ಚು ಯುಆರ್‌ಎಲ್ ಕೇಳಿದ್ರೂ 200 ಬರತ್ತೆ ಕಣ್ರಯ್ಯಾ, ಅದು ಯಾವ ಪರೀಕ್ಷೆ?

ಸಪೋರ್ಟಿಗೆ ಎಲ್ಲಾ ಬರೆದೆ. ಹೆಡರ್ ಸಮೇತ, ರೆಸ್ಪಾನ್ಸಿನ ಮೊದಲ ಸಾಲು ಸಮೇತ, ಎಡ್ಜ್ ತನ್ನ ಪ್ರತಿಯನ್ನೇ ಕೊಟ್ಟಿದೆ (ಹಿಟ್) ಅಂತ ತೋರಿಸೋ ಸಾಲು ಸಮೇತ. ಬಂದ ಉತ್ತರ: 'ನಮ್ಮ ಕಡೆಯಿಂದ ಪರಿಶೀಲಿಸಿದ್ದೇವೆ, 200 ಬರುತ್ತಿದೆ. ದಯವಿಟ್ಟು ಬ್ರೌಸರ್ ಕ್ಯಾಶ್ ಕ್ಲಿಯರ್ ಮಾಡಿ ಪ್ರಯತ್ನಿಸಿ.' 200 ಬರ್ತಿರೋದೇ ದೂರು ಅಂತ ಬರೆದಿದ್ದೆ! ಯಾರ ಬ್ರೌಸರ್ ಕ್ಲಿಯರ್ ಮಾಡಲಿ? ಆ ಹೊತ್ತಲ್ಲಿ ಪುಟ ತೆರೆದ ಪ್ರತಿಯೊಬ್ಬರ ಮನೆಗೂ ಹೋಗಿ ಕಂಟ್ರೋಲ್ ಶಿಫ್ಟ್ ಆರ್ ಒತ್ತಿ ಬರ್ಲಾ? ಫೋನಲ್ಲಿ ಆ ಕೀ ಎಲ್ಲಿದೆ ಅಂತ ಹೇಳ್ತೀರಾ?

ಬೇರೆ ಹೋಸ್ಟಿಗೆ ಹೋಗಿಬಿಡ್ತೀನಿ ಅನ್ಸತ್ತೆ. ಇವತ್ತೇ. ಆಮೇಲೆ ಅನ್ಸತ್ತೆ, ಹೋಗಿ ಏನು ಮಾಡೋದು? ಅಲ್ಲೂ ಎರಡು ಇನ್‌ಸ್ಟೆನ್ಸ್, ಅಲ್ಲೂ ಒಂದು ಸಿಡಿಎನ್, ಅಲ್ಲೂ ಹಸಿರು ಟಿಕ್ಕು. ಹೆಸರು ಬೇರೆ, ಹಣೆಬರಹ ಅದೇ. ನಮ್ದೂ ಒಂದು ವೃತ್ತಿ ನೋಡಿ: ರೆಸ್ಯೂಮಲ್ಲಿ 'ಕ್ಲೌಡ್ ನೇಟಿವ್' ಅಂತ ಬರ್ಕೊಳ್ಳೋದು, ಜನ ನೋಡ್ತಿರೋವಾಗ ಎಫ್5 ಕುಟ್ಟೋದು, ಅದಕ್ಕೆ ಡೀಬಗ್ಗಿಂಗ್ ಅಂತ ಹೆಸರಿಡೋದು. ಕುಟ್ಟಿದ್ರೂ ಪ್ರಯೋಜನ ಇಲ್ಲ ಅಂತ ಗೊತ್ತಿದ್ದೇ ಕುಟ್ಟೋದು. ಮಾಮೂಲಿ ರಿಫ್ರೆಶ್ ಇಂಡೆಕ್ಸ್ ಪುಟವನ್ನ ಮತ್ತೆ ವಿಚಾರಿಸತ್ತೇ ಹೊರತು ವರ್ಷದ ಮುದ್ರೆ ಬಿದ್ದಿರೋ ಜೆಎಸ್ಸನ್ನ ಮುಟ್ಟೋದೂ ಇಲ್ಲ. ಆದ್ರೂ ಕೈ ಕೇಳಬೇಕಲ್ಲ.

ಇದರಲ್ಲಿ ಸಿಕ್ಕಿಹಾಕ್ಕೊಂಡೋರಿಗೆ ಹೇಳ್ತೀನಿ, ಪರ್ಜ್ ಮಾಡಿ ಕೈ ತೊಳ್ಕೋಬೇಡಿ. ಪರ್ಜ್ ಎಡ್ಜನ್ನ ಮಾತ್ರ ತೊಳೆಯತ್ತೆ, ಜನರ ಬ್ರೌಸರಲ್ಲಿ ಕೂತಿರೋದು ಅಲ್ಲೇ ಕೂತಿರತ್ತೆ. ಮತ್ತೆ ಡಿಪ್ಲಾಯ್ ಮಾಡಿದ್ರೂ ಹೆಸರು ಬದಲಾಗದೇ ಹೋದ್ರೆ ದಂಡ. ಹ್ಯಾಶ್ ಬರೋದು ಬಿಲ್ಡ್ ಆದ ಫೈಲಿನ ಒಳಗಿಂದ. ಕೋಡಲ್ಲಿ ಒಂದು ಕಾಮೆಂಟ್ ಸೇರಿಸಿದ್ರೆ ಕೋಡ್ ಕುಗ್ಗಿಸೋ ಮಿನಿಫೈಯರ್ ಅದನ್ನ ಕಿತ್ತು ಬಿಸಾಕತ್ತೆ, ಹ್ಯಾಶ್ ಹಳೇದೇ ಬರತ್ತೆ, ಹಳೇ ಹೆಸರು, ಹಳೇ ವಿಷ. ಮುಖ್ಯ ಫೈಲಲ್ಲಿ ನಿಜವಾದ ಸಾಲು ಬದಲಾಯಿಸಿದ್ರೆ ಅದೊಂದರ ಹೆಸರು ಬದಲಾಗಬಹುದು, ಆದರೆ ಕೆಟ್ಟಿರೋದು ಆಮೇಲೆ ಲೋಡ್ ಆಗೋ ಯಾವುದೋ ಚಂಕ್ (ಕೋಡಿನ ತುಂಡು ಫೈಲು) ಆಗಿದ್ರೆ ಅದರ ಹೆಸರು ಹಾಗೇ ಉಳಿಯಬಹುದು. ಅದಕ್ಕೇ ಬಿಲ್ಡ್ ಕಾನ್ಫಿಗ್ಗಲ್ಲಿ ಅಸೆಟ್ಸ್ ಫೋಲ್ಡರಿನ ಹೆಸರನ್ನೇ ಬದಲಾಯಿಸಿ. ವೀಟಲ್ಲಿ ಅಸೆಟ್ಸ್ ಡಿರ್ ಅಂತ ಒಂದೇ ಸಾಲು. ಅಲ್ಲಿನ ಎಲ್ಲಾ ಯುಆರ್‌ಎಲ್ ಹೊಸದಾಗತ್ತೆ. ಕ್ಯಾಶ್ ಹೆಡರ್ ನಿಯಮದಲ್ಲೂ ಹೊಸ ಹೆಸರು ಹಾಕೋದು ಮರೀಬೇಡಿ.

ಬೆಂಕಿ ಆರಿದ ಮೇಲೆ, ಆ ಎಲ್ಲದಕ್ಕೂ ಇಂಡೆಕ್ಸ್ ಅನ್ನೋ ನಿಯಮದಿಂದ ಅಸೆಟ್ಸ್ ಫೋಲ್ಡರನ್ನ ಹೊರಗಿಡಿ. ಅಲ್ಲಿ ಫೈಲ್ ಇಲ್ಲ ಅಂದ್ರೆ ಮುಖಕ್ಕೆ ಹೊಡೆದ ಹಾಗೆ 404 ಬರಲಿ, ಅದಕ್ಕೆ ನೋ ಸ್ಟೋರ್ (ಇಟ್ಕೊಳ್ಳಲೇಬೇಡ) ಹೆಡರ್ ಇರಲಿ, ಯಾಕಂದ್ರೆ ಕೆಲವು ಸಿಡಿಎನ್‌ಗಳು 404ನ್ನೂ ಸ್ವಲ್ಪ ಹೊತ್ತು ಬಚ್ಚಿಟ್ಕೊಳ್ತವೆ. ಇಂಡೆಕ್ಸ್ ಪುಟಕ್ಕೆ ನೋ ಕ್ಯಾಶ್. ಅದು ಇಟ್ಕೋಬೇಡ ಅಂತಲ್ಲ, ಪ್ರತಿ ಸಲ ಕೇಳಿ ಕೊಡು ಅಂತ. ಇದಕ್ಕೆಲ್ಲ ಬುಡ ಇರೋದು ಅಸೆಟ್ಸು ಇನ್‌ಸ್ಟೆನ್ಸಿನ ಒಳಗೇ ಇರೋದ್ರಲ್ಲಿ. ಅವನ್ನ ಬೇರೆ ಸ್ಟೋರೇಜಿಗೆ ಮೊದಲೇ ಅಪ್‌ಲೋಡ್ ಮಾಡಿ, ಎಲ್ಲಾ ಹೋದ ಮೇಲಷ್ಟೇ ಹೊಸ ಇಂಡೆಕ್ಸ್ ಹೊರಬಿಡಿ, ಹಳೇ ಬಿಲ್ಡಿನ ಫೈಲುಗಳನ್ನ ಅಳಿಸೋ ಅವಸರ ಬೇಡ. ಬೆಳಿಗ್ಗೆಯಿಂದ ಟ್ಯಾಬ್ ತೆರೆದಿಟ್ಕೊಂಡು ಕೂತಿರೋರು ಹಳೇ ಚಂಕನ್ನೇ ಕೇಳ್ತಾರೆ. ಅವರಿಗೂ ಸಿಗದೇ ಹೋದ್ರೆ ಚಂಕ್ ಲೋಡ್ ಆಗದಾಗ ವೀಟ್ ಎಬ್ಬಿಸೋ ಪ್ರೀಲೋಡ್ ಎರರ್ ಇವೆಂಟ್ ಹಿಡಿದು ಒಂದು ಸಲ ರೀಲೋಡ್ ಮಾಡಿಸಬಹುದು. ಒಂದೇ ಸಲ, ಬ್ರೌಸರಿನ ಸೆಷನ್ ಸ್ಟೋರೇಜಲ್ಲಿ ಗುರುತು ಹಾಕದಿದ್ರೆ ಪುಟ ಸುತ್ತುತ್ತಾ ಕೂರತ್ತೆ.

ಪರೀಕ್ಷೆ ಮಾಡೋದ್ರಲ್ಲೂ ಒಂದು ಬಲೆ ಇದೆ. ರೋಲಿಂಗ್ ನಡೀತಿರೋವಾಗ ನೀವೇ ಆ ಜೆಎಸ್ ಯುಆರ್‌ಎಲ್ಲನ್ನ ಕರ್ಲ್ ಅನ್ನೋ ಕಮಾಂಡಲ್ಲಿ ಕೇಳಿದ್ರೆ, ಎಡ್ಜಿಗೆ ವಿಷ ಹಾಕೋರು ನೀವೇ ಆಗಬಹುದು. ಕ್ವೆರಿ ಸ್ಟ್ರಿಂಗಿನ (ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರದ ಭಾಗ) ಸಮೇತ ಕ್ಯಾಶ್ ಮಾಡೋ ಸಿಡಿಎನ್ ಆದ್ರೆ ಕೊನೆಗೆ ಯಾವುದಾದ್ರೂ ಬಿಸಾಕೋ ಕ್ವೆರಿ ಅಂಟಿಸಿ ಕೇಳಿ. ಹಳೇ ಇನ್‌ಸ್ಟೆನ್ಸ್ ಪೂರ್ತಿ ಹೋದ ಮೇಲೆ ಇಂಡೆಕ್ಸ್ ತಂದು, ಅದರಲ್ಲಿರೋ ಪ್ರತಿ ಸ್ಕ್ರಿಪ್ಟ್ ಹೆಸರು ಕಿತ್ತು, ಪ್ರತಿಯೊಂದರ ಕಂಟೆಂಟ್ ಟೈಪ್ ಜಾವಾಸ್ಕ್ರಿಪ್ಟಾ ಅಂತ ನೋಡಿ. ಸ್ಟೇಟಸ್ ಕೋಡ್ ನಂಬಬೇಡಿ. ನಾಲ್ಕು ಸಾಲಿನ ಶೆಲ್ ಸ್ಕ್ರಿಪ್ಟ್ ಸಾಕು.

ನಾಲ್ಕೇ ನಾಲ್ಕು ಸಾಲು. ಅದನ್ನ ನಾವು ಬರೀಬೇಕಂತೆ, ತಿಂಗಳು ತಿಂಗಳು ದುಡ್ಡು ತಗೊಳ್ಳೋರು ಬರೆಯಲ್ಲವಂತೆ. ಡಾಕ್ಯುಮೆಂಟೇಶನ್ನಲ್ಲಿ ಇದೆಲ್ಲ ಇದೆ ಅಂತ ಈಗ ಯಾರೋ ಬಂದು ಹೇಳ್ತೀರಿ, ಗೊತ್ತು. ಇರಬಹುದು. ಟಾಗಲ್ಲಿನ ಪಕ್ಕದಲ್ಲಂತೂ ಇಲ್ಲ.

ಹೋಸ್ಟಿಂಗ್ ಕಂಪನಿಗಳಲ್ಲಿ ಕೆಲಸ ಮಾಡೋರು ಯಾರಾದ್ರೂ ಇದನ್ನ ಓದ್ತಿದ್ರೆ ದಯವಿಟ್ಟು ಒಂದಕ್ಕೆ ಉತ್ತರ ಕೊಡಿ. ಫೈಲಿನ ಹೆಸರು ಜೆಎಸ್ ಅಂತ ಮುಗಿದು, ಒಳಗೆ ಎಚ್‌ಟಿಎಂಎಲ್ ಇದ್ರೆ, ಅದನ್ನ ಒಂದು ವರ್ಷ ಕ್ಯಾಶ್ ಮಾಡಬೇಡ ಅನ್ನೋ ಒಂದು ಇಫ್ ಕಂಡೀಷನ್ ಎಡ್ಜಲ್ಲಿ ಹಾಕೋಕೆ ಅಡ್ಡಿ ಏನು? 'ಕ್ಯಾಶ್ ಕ್ಲಿಯರ್ ಮಾಡಿ' ಅನ್ನೋದು ಬಿಟ್ಟು ಬೇರೆ ಏನಾದ್ರೂ ಹೇಳಿ.