ನೆಮ್ಮದಿಗೆ ಬೆಳಗಿನ ನಾಲ್ಕರ ಜೀಪು

ಕೊಡಗಿನಲ್ಲಿ ಈಗ ಕಾಫಿ, ಕರಿಮೆಣಸಿನ ಜೊತೆಗೆ ನೆಮ್ಮದಿಯೂ ಮಾರಾಟಕ್ಕಿದೆ. ಎರಡು ರಾತ್ರಿಗೆ ಇಷ್ಟು, ಊಟ ಸೇರಿದರೆ ಇಷ್ಟು, ಕ್ಯಾಂಪ್‌ಫೈರ್‌ಗೆ ಬೇರೆ. ಕೆಲಸದ ಹೊರೆ ತಾಳಲಾರದ ಬೆಂಗಳೂರಿಗರು ಶುಕ್ರವಾರ ಕಚೇರಿ ಮುಗಿಸಿ, ಸುಮಾರು 260 ಕಿಲೋಮೀಟರ್ ಕಾರು ಓಡಿಸಿ, ನಡುರಾತ್ರಿ ಬಂದಿಳಿಯುತ್ತಾರೆ. ಪಾಪ, ಮಲಗಿಯಾರು ಎಂದುಕೊಳ್ಳಬೇಡಿ. ಬೆಳಗಿನ ನಾಲ್ಕಕ್ಕೆ ಮಾಂದಲಪಟ್ಟಿಯ ಜೀಪು ಕಾದಿರುತ್ತದೆ. ಸೂರ್ಯೋದಯ ನೋಡಿ, ಸೊಂಟ ಹಿಡಿದುಕೊಂಡು ಇಳಿದು, ಅಬ್ಬಿ ಜಲಪಾತಕ್ಕೆ ಧಾವಿಸಿ, ದುಬಾರೆಯಲ್ಲಿ ದೋಣಿಯ ಸಾಲಿಗೆ ನಿಂತು, ಸಂಜೆಯೊಳಗೆ ರಾಜಾಸೀಟಿನಲ್ಲಿ ಸೂರ್ಯಾಸ್ತವನ್ನೂ ಹಿಡಿಯಬೇಕು. ತಂಡದಲ್ಲಿ ಒಬ್ಬರು ಮೊಬೈಲ್‌ನಲ್ಲಿ ಟಿಕ್ ಹಾಕುತ್ತಿರುತ್ತಾರೆ. ಮಡಿಕೇರಿ ಪೇಟೆಯಲ್ಲಿ ಕಾರು ಸಿಕ್ಕಿಬೀಳುವುದಕ್ಕೂ ಸೂರ್ಯ ಮುಳುಗುವುದಕ್ಕೂ ಒಂದೇ ಮುಹೂರ್ತ. ಹಿಂದೆ ರಾಜರು ಅಲ್ಲಿ ಕುಳಿತು ಸಂಜೆ ಕಳೆಯುತ್ತಿದ್ದರಂತೆ. ಅವರಿಗೇನು, ಪಾರ್ಕಿಂಗ್ ಹುಡುಕಬೇಕಿರಲಿಲ್ಲ.

ಇಷ್ಟೆಲ್ಲ ಆದ ಮೇಲೆ ರಾತ್ರಿ ಹೋಂಸ್ಟೇ ಜಗುಲಿಯಲ್ಲಿ ಅತಿಥಿ ಕಾಲು ಚಾಚಿದಾಗ ಅವರ ಕಣ್ಣಿಗೆ ಮಾಲೀಕ ಬೀಳುತ್ತಾನೆ. ಜನವರಿ ಕೊನೆ, ತೋಟದಲ್ಲಿ ರೊಬಸ್ಟಾ ಕಾಫಿ ಹಣ್ಣಾಗಿದೆ. ಕೊಯ್ಯುವವರು ಅಸ್ಸಾಮಿನಿಂದ ಬರಬೇಕು. ಬಂದವರನ್ನು ಪಕ್ಕದ ತೋಟದವರು ಕಿಲೋಗೆ ಒಂದು ರೂಪಾಯಿ ಹೆಚ್ಚು ಕೊಟ್ಟು ಕರೆದೊಯ್ದಿದ್ದಾರೆ. ಕಣದಲ್ಲಿ ಹರವಿದ ಕಾಫಿಯ ಮೇಲೆ ಮೋಡ. ಮಳೆ ಬಿದ್ದರೆ ಕಣದ್ದು ಬೂಸಲು ಹಿಡಿಯುತ್ತದೆ. ಅದೇ ಮಳೆಗೆ, ಗಿಡದಲ್ಲಿ ಹಣ್ಣಿರುವಾಗಲೇ ಹೂ ಅರಳಿಬಿಟ್ಟರೆ ಈ ವರ್ಷದ ಹಣ್ಣು ಕೀಳುವ ಕೈಗೇ ಮುಂದಿನ ವರ್ಷದ ಫಸಲೂ ಉದುರುತ್ತದೆ. ಸಾಲದ್ದಕ್ಕೆ ಆನೆ ತೋಟಕ್ಕಿಳಿದಿದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಸಂದೇಶ. ಅಂದರೆ ನಾಳೆ ಕೊಯ್ಲಿಲ್ಲ.

“ಅಂಕಲ್, ನೀವು ತುಂಬಾ ಒತ್ತಡದಲ್ಲಿದ್ದೀರಿ,” ಎನ್ನುತ್ತಾರೆ ಅತಿಥಿ. ಅವರ ಕಂಪನಿಯಲ್ಲಿ ಈ ಬಗ್ಗೆ ತರಬೇತಿ ಕೊಟ್ಟಿದ್ದಾರೆ. ಕೆಲಸಗಳನ್ನೆಲ್ಲ ಬರೆದು, ತುರ್ತಿನದು, ಮುಖ್ಯವಾದದ್ದು ಎಂದು ನಾಲ್ಕು ಚೌಕಗಳಿಗೆ ಹಂಚಬೇಕಂತೆ. ಮಾಲೀಕ ವಿಧೇಯನಾಗಿ ಹಂಚಿದ. ಹಣ್ಣು, ಮೋಡ, ಆನೆ, ಆಳು ಎಲ್ಲವೂ ಒಂದೇ ಚೌಕದಲ್ಲಿ ಕುಳಿತವು. ಉಳಿದ ಮೂರು ಖಾಲಿ. ಕೆಲಸವನ್ನು ಬೇರೆಯವರಿಗೆ ವಹಿಸಿ ಎಂದರು. ವಹಿಸಬೇಕಾದ ರೈಟರ್, ಅಂದರೆ ತೋಟದ ಮೇಲ್ವಿಚಾರಕ, ಮದುವೆಗೆಂದು ಊರಿಗೆ ಹೋಗಿದ್ದಾನೆ. ಟೆಲಿ ಮನಸ್ ಇದೆಯಲ್ಲ, 14416ಕ್ಕೆ ಕರೆ ಮಾಡಿ ಎಂದರು. 2022ರಲ್ಲಿ ಶುರುವಾದ ಮಾನಸಿಕ ಆರೋಗ್ಯದ ಸಹಾಯವಾಣಿ, ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ, ಒಳ್ಳೆಯದೇ. ಆದರೆ ಕರೆಂಟ್ ಹೋದೊಡನೆ ಟವರೂ ಕಣ್ಣು ಮುಚ್ಚುವ ಊರಿನಲ್ಲಿ ಸಿಗ್ನಲ್‌ಗಾಗಿ ಗುಡ್ಡ ಹತ್ತಬೇಕು, ಗುಡ್ಡದ ದಾರಿಯಲ್ಲಿ ಆನೆ.

“ಹೋಗಲಿ ಅಂಕಲ್, ಮುಖ್ಯವಾಗಿ ‘ಆಗುವುದಿಲ್ಲ’ ಎನ್ನುವುದನ್ನು ಕಲಿಯಿರಿ. ಎಲ್ಲದಕ್ಕೂ ಒಪ್ಪಿಕೊಳ್ಳುವುದೇ ಒತ್ತಡದ ಮೂಲ.”

ಈ ಮಾತು ಮಾಲೀಕನಿಗೆ ನಾಟಿತು. ರಾತ್ರಿ ಹನ್ನೊಂದಕ್ಕೆ ಅದೇ ಅತಿಥಿ ಇನ್ನೊಮ್ಮೆ ಕ್ಯಾಂಪ್‌ಫೈರ್ ಹಾಕಿಸಿ, ಜೊತೆಗೆ ಒಂದು ತಟ್ಟೆ ಪಂದಿ ಕರಿ ಬರಲಿ ಎಂದಾಗ, ಜೀವನದಲ್ಲಿ ಮೊದಲ ಬಾರಿಗೆ ಆತ ಉಸಿರೆಳೆದುಕೊಂಡು “ಆಗುವುದಿಲ್ಲ” ಎಂದ.

ಭಾನುವಾರ ಮಧ್ಯಾಹ್ನ ಇಂಟರ್ನೆಟ್‌ನಲ್ಲಿ ವಿಮರ್ಶೆ ಬಂತು. ಎರಡು ನಕ್ಷತ್ರ. “ಜಾಗ ಪ್ರಶಾಂತ. ಮಾಲೀಕರ ವರ್ತನೆ ಸರಿಯಿಲ್ಲ.”