ಮನುಷ್ಯರಿಗೆ ಮನುಷ್ಯತ್ವದಲ್ಲಿ ನಲವತ್ತು ಮಾರ್ಕು

ಅನ್‌ರಿಯಲ್ ಟೂರ್ನಮೆಂಟ್ 2004 ಅಂತ ಒಂದು ಗುಂಡು ಹಾರಿಸುವ ಆಟ. ಅದರೊಳಗೆ ಬಾಟ್‌ಪ್ರೈಜ್ ಅಂತ ಸ್ಪರ್ಧೆ ನಡೆಯುತ್ತಿತ್ತು. ಅಖಾಡದಲ್ಲಿ ಮನುಷ್ಯರೂ ಇರುತ್ತಾರೆ, ಬಾಟ್‌ಗಳೂ, ಅಂದ್ರೆ ಕಂಪ್ಯೂಟರ್ ಪ್ರೋಗ್ರಾಮೇ ಆಡಿಸುವ ಆಟಗಾರರೂ ಇರುತ್ತವೆ, ಎದುರಿಗೆ ಬಂದದ್ದು ಯಾವುದು ಅಂತ ಗುರುತು ಹಿಡಿದು ಅದಕ್ಕೆಂದೇ ಕೊಟ್ಟ ಬಂದೂಕಿನಿಂದ ಹೊಡೆಯಬೇಕು. ತೀರ್ಪು ಕೊಡೋದಕ್ಕೂ ಬಂದೂಕೇ, ನೋಡಿ.

2012ರಲ್ಲಿ, ಅಂದ್ರೆ ಯಂತ್ರ ತಾನು ಮನುಷ್ಯ ಅಂತ ನಂಬಿಸಬಲ್ಲದಾ ಅನ್ನೋ ಪರೀಕ್ಷೆಯನ್ನು ಸೂಚಿಸಿದ ಗಣಿತಜ್ಞ ಅಲನ್ ಟ್ಯೂರಿಂಗ್ ಹುಟ್ಟಿ ನೂರು ವರ್ಷವಾದಾಗ, ಎರಡು ಬಾಟ್‌ಗಳು ಶೇ. 52ರಷ್ಟು ‘ಮನುಷ್ಯ’ ಅನ್ನಿಸಿಕೊಂಡು ಗೆದ್ದವು. ನಿಜವಾದ ಮನುಷ್ಯರ ಸರಾಸರಿ? ಶೇ. 40ರ ಆಸುಪಾಸು. ನಮ್ಮ ಕಾಲದ ಎಸ್ಸೆಸ್ಸೆಲ್ಸಿಯಾಗಿದ್ದರೆ 35ಕ್ಕೇ ಪಾಸು!

ಬಾಟ್‌ಗಳು ಟ್ಯೂಷನ್‌ಗೆ ಹೋಗಿದ್ದು ಯಾವ ವಿಷಯಕ್ಕೆ ಗೊತ್ತಾ? ಟೆಕ್ಸಾಸ್ ವಿಶ್ವವಿದ್ಯಾಲಯದವರ ಬಾಟ್ ಒಬ್ಬನ ಮೇಲೆ ಹಗೆ ಇಟ್ಟುಕೊಂಡರೆ ಮುಗೀತು, ಲಾಭ ಇರಲಿ ಬಿಡಲಿ ಅವನ ಬೆನ್ನೇ ಹತ್ತುತ್ತಿತ್ತು. ಓಡುವಾಗ ಗುರಿಯನ್ನೂ ಸ್ವಲ್ಪ ತಪ್ಪಿಸುತ್ತಿತ್ತು. ಇನ್ನೊಂದು ಬಾಟ್ ಎದುರಿನವರನ್ನು ಕಾಪಿ ಹೊಡೆಯುತ್ತಿತ್ತು. ದಯೆ, ಕರುಣೆ ಸಿಲಬಸ್ಸಲ್ಲೇ ಇರಲಿಲ್ಲ ಅನ್ಸುತ್ತೆ.

ನನ್ನ ಕಥೆಯೂ ಅಷ್ಟೇ. ಮೊನ್ನೆ ಮಗಳ ಜೊತೆ ಆಡೋಣ ಅಂತ ಒಂದು ಆಟಕ್ಕೆ ಹೊಸ ಖಾತೆ ತೆರೆಯಲು ಕೂತೆ. ‘ನಾನು ರೋಬೋಟ್ ಅಲ್ಲ’ ಅಂತ ರೋಬೋಟಿನ ಮುಂದೆಯೇ ಪ್ರಮಾಣ ಮಾಡಿದೆ. ಅದು ನಂಬಲಿಲ್ಲ. ಫೈರ್ ಹೈಡ್ರೆಂಟ್ ಎಲ್ಲಿದೆ ತೋರಿಸು ಅಂತು. ಅಮೆರಿಕದ ಫುಟ್‌ಪಾತ್ ಮೇಲೆ ನಿಲ್ಲೋ ಆ ಗಿಡ್ಡ ನಲ್ಲಿಯನ್ನು ನಾನು ಬೆಂಗಳೂರಲ್ಲಿ ಎಲ್ಲಿ ನೋಡಬೇಕು? ನಮ್ಮಲ್ಲಿ ಫುಟ್‌ಪಾತೇ ಕಾಣಿಸಲ್ಲ. ಆಮೇಲೆ ಟ್ರಾಫಿಕ್ ಲೈಟು. ಅದರ ಅಂಚು ಪಕ್ಕದ ಚೌಕಕ್ಕೆ ಕೂದಲೆಳೆಯಷ್ಟು ಚಾಚಿದೆ. ಅದನ್ನೂ ಒತ್ತಬೇಕಾ? ಕೆಳಗಿನ ಕಂಬವೂ ಲೈಟಿನ ಲೆಕ್ಕಕ್ಕೆ ಬರುತ್ತಾ? ನಾನು ಹೀಗೆ ಧರ್ಮಸಂಕಟದಲ್ಲಿ ಕೂತಿರುವಾಗ ಯಂತ್ರಗಳು ಆರಾಮಾಗಿ ಒಳಗೆ ಹೋಗಿರುತ್ತವೆ. 2024ರಲ್ಲಿ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರ ಪ್ರೋಗ್ರಾಮು ಇಂಥದ್ದೇ ಒಂದು ಚಿತ್ರಪರೀಕ್ಷೆಯಲ್ಲಿ ನೂರಕ್ಕೆ ನೂರು ತೆಗೆಯಿತು.

ಮೂರು ಸಲ ಫೇಲಾದ ಮೇಲೆ ಮಗಳು, “ಅಪ್ಪಾ, ನೀನು ಜಾಸ್ತಿ ಯೋಚನೆ ಮಾಡ್ತೀಯ, ಕೊಡು ಇಲ್ಲಿ” ಅಂದಳು. ಚಕ್ಕುಲಿ ತಿಂದ ಎಣ್ಣೆ ಬೆರಳಲ್ಲೇ ನಾಲ್ಕು ಕಡೆ ಸುಮ್ನೆ ಒತ್ತಿದಳು. ಬಾಗಿಲು ತೆರೆಯಿತು.

ಒಳಗೆ ಹೋಗಿದ್ದೇ ತಡ, ಯಾವನೋ ಬಂದು ನನ್ನನ್ನು ಹೊಡೆದು ಕೆಡವಿದ. ಮತ್ತೆ ಎದ್ದೆ, ಮತ್ತೆ ಅವನೇ. ಪಕ್ಕದಲ್ಲೇ ಇನ್ನೂ ಹತ್ತು ಜನ ಇದ್ದರೂ ಅವನಿಗೆ ನಾನೇ ಬೇಕು.

“ಇವನು ಪಕ್ಕಾ ಮನುಷ್ಯಾನೇ ಅಪ್ಪಾ” ಅಂದಳು ಮಗಳು.

ನನಗೇನೋ ಅನುಮಾನ.