ಬೀಟೆ ಬಾಣೆಯಲ್ಲಿ, ಪೈನ್ ಮೇಜಿನ ಮೇಲೆ

ಕೊಡಗಿನಲ್ಲಿ ಮನೆಯಲ್ಲೇ ಕೂತು ಮರಗೆಲಸ ಮಾಡಬೇಕಾದರೆ ಎರಡು ಬೇಕು. ಒಂದು ಯಂತ್ರ, ಇನ್ನೊಂದು ಮರ. ಯಂತ್ರ ಯಾವುದೋ ದೇಶದಲ್ಲಿ ತಯಾರಾಗಿ, ಹಡಗು ಹತ್ತಿ, ಲಾರಿ ಇಳಿದು, ವಾರದೊಳಗೆ ಗೋಣಿಕೊಪ್ಪಕ್ಕೆ ಬಂದು ನಿಮ್ಮ ಹೆಸರು ಕೂಗುತ್ತದೆ. ಮರ ಹಿತ್ತಿಲಿನಲ್ಲೇ ಇದೆ. ಅದು ಬರುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಈಗ ಮರಗೆಲಸದ ಹುಚ್ಚು ಜಾಸ್ತಿಯಾಗಿದೆ. ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ವಾಪಸಾದವರು, ಪಿಂಚಣಿಯ ಸುಬೇದಾರರು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ನೋಡಿ ನೋಡಿ ತಲೆಕೆಟ್ಟವರು, ಎಲ್ಲರೂ ರೂಟರ್ ತರಿಸುತ್ತಿದ್ದಾರೆ. ರೂಟರ್ ಎಂದರೆ ವೈಫೈ ಡಬ್ಬಿ ಅಲ್ಲ. ಹಲಗೆಯ ಅಂಚು ಉರುಟು ಮಾಡುವ, ಗಾಡಿ (ಹಲಗೆಯಲ್ಲಿ ಉದ್ದದ ತೋಡು) ಕೊರೆಯುವ ಯಂತ್ರ. ಅದನ್ನು ತಲೆಕೆಳಗಾಗಿ ಒಂದು ಪುಟ್ಟ ಮೇಜಿಗೆ ನೇತುಹಾಕಿದರೆ ರೂಟರ್ ಟೇಬಲ್. ಯಂತ್ರ ಹಿಡಿದು ಹಲಗೆಯ ಮೇಲೆ ಓಡಿಸುವ ಬದಲು ಹಲಗೆ ಹಿಡಿದು ಯಂತ್ರದ ಮೇಲೆ ಓಡಿಸುತ್ತೀರಿ. ಸಣ್ಣ ಪಟ್ಟಿ, ಫೋಟೊ ಫ್ರೇಮು, ಪೆಟ್ಟಿಗೆ ಮಾಡುವವರಿಗೆ ಇದಕ್ಕಿಂತ ಸುಖ ಇನ್ನೊಂದಿಲ್ಲ.

ಹೂಡುವುದು ದೊಡ್ಡ ವಿದ್ಯೆಯೇನಲ್ಲ. ಮೊದಲು ಪ್ಲಗ್ ಕಿತ್ತಿಡಿ. ರೂಟರಿನ ತಳದ ಪ್ಲಾಸ್ಟಿಕ್ ಬಿಚ್ಚಿ, ಟೇಬಲ್ಲಿನ ನಡುವೆ ಕೂರುವ ಪ್ಲೇಟಿಗೆ ಯಂತ್ರವನ್ನು ಸ್ಕ್ರೂ ಮಾಡಿ. ಆ ಪ್ಲೇಟು ಮೇಜಿನ ಮೈಗೆ ಸರಿಸಮ ಇರಬೇಕು. ಉದ್ದ ಸ್ಕೇಲು ಅಡ್ಡ ಇಟ್ಟು ನೋಡಿ. ಕೂದಲೆಳೆಯಷ್ಟು ಏರುತಗ್ಗಿದ್ದರೂ ಹಲಗೆ ಅಲ್ಲೇ ತಡವರಿಸುತ್ತದೆ. ಬಿಟ್ಟನ್ನು (ಮರ ಕೊರೆಯುವ ಅಲಗು) ಕಾಲೆಟ್ಟಿಗೆ (ಅದನ್ನು ಕಚ್ಚಿ ಹಿಡಿಯುವ ತೂತು) ಪೂರ್ತಿ ಇಳಿಸಿ, ಆಮೇಲೆ ಎರಡು ಮೂರು ಮಿಲಿಮೀಟರ್ ಮೇಲೆತ್ತಿ ಬಿಗಿ ಮಾಡಿ. ತಳಕ್ಕೆ ತಾಗಿಸಿ ಬಿಗಿದರೆ ಹಿಡಿತ ಕಚ್ಚುವುದಿಲ್ಲ. ಇನ್ನೊಂದು ಮಾತು: ಕಾಲಿಂಚಿನ ಕಾಲೆಟ್ಟಿಗೆ 6 ಮಿಲಿಮೀಟರ್ ಬಿಟ್ ತುರುಕಬೇಡಿ. ಕಾಲಿಂಚು ಎಂದರೆ 6.35. ಆ 0.35ರ ಸಡಿಲಕ್ಕೇ ನಿಮಿಷಕ್ಕೆ ಇಪ್ಪತ್ತೈದು ಮೂವತ್ತು ಸಾವಿರ ಸುತ್ತು ತಿರುಗುವ ಬಿಟ್ಟು ಜಾರಿ ಬರಬಹುದು.

ನಮ್ಮ ಊರಿಗೇ ಬೇಕಾದ ಬುದ್ಧಿಮಾತೂ ಇದೆ. ಮೇಜಿನ ಮೈ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಆಗಿದ್ದರೆ ಅಂಚಿಗೆಲ್ಲ ಎರಡು ಕೋಟು ವಾರ್ನಿಶ್ ಬಳಿಯಿರಿ. ಕೊಡಗಿನ ಜುಲೈ ಒಂದೇ ಸಾಕು, ಅದು ಉಬ್ಬಿ ದೋಣಿಯಾಗುತ್ತದೆ. ಕೆಲಸದ ನಡುವೆ ಕರೆಂಟು ಹೋದರೆ ಮೊದಲು ಸ್ವಿಚ್ ಆರಿಸಿ. ಆರಿಸದೆ ಕಾಫಿ ಕುಡಿಯಲು ಒಳಗೆ ಹೋದರೆ, ಕರೆಂಟು ಬಂದಾಗ ಯಂತ್ರ ನಿಮ್ಮನ್ನು ಕೇಳದೆ ತಾನೇ ಕೆಲಸ ಶುರು ಮಾಡುತ್ತದೆ. ಸರ್ಕಾರಿ ವಲಯದಲ್ಲಿ ಇಂಥ ಉತ್ಸಾಹ ಕಾಣಸಿಗುವುದಿಲ್ಲ ಬಿಡಿ.

ಇಷ್ಟಾದರೆ ಟೇಬಲ್ ಸಿದ್ಧ. ಈಗ ಹಲಗೆ.

ಕೊಡಗು ನೋಡಿದವರಿಗೆ ಇದು ತಮಾಷೆ ಅನ್ನಿಸಬಹುದು. ಎಲ್ಲಿ ತಲೆಯೆತ್ತಿದರೂ ಮರ. ಕಾಫಿಯ ನೆರಳಿಗೆ ಬೀಟೆ, ನಂದಿ, ಹೊನ್ನೆ, ಮತ್ತಿ, ಹಲಸು. ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡು. ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು. ಮರದ ಬಗ್ಗೆ ಡಿಗ್ರಿ ಸಿಗುವ ಜಿಲ್ಲೆ ಇದು. ಹಲಗೆ ಮಾತ್ರ ಕೇಳಬೇಡಿ.

ಯಾಕೆ ಅಂದರೆ ನಿಮ್ಮ ಬಾಣೆಯ (ಗದ್ದೆಯ ಜೊತೆಗೆ ಕೊಟ್ಟ ಗುಡ್ಡದ ಜಮೀನು) ಮರ ನಿಮ್ಮದು ಎಂದು ಸುಮ್ನೆ ಅಂದುಕೊಳ್ಳುವ ಹಾಗಿಲ್ಲ. ಬಾಣೆ ರಿಡೀಮ್ಡೋ ಅನ್‌ರಿಡೀಮ್ಡೋ ಎಂದು ಮೊದಲು ತಿಳಿಯಬೇಕು. ಅಜ್ಜನ ಕಾಲದಲ್ಲಿ ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡಿದ್ದರೆ ರಿಡೀಮ್ಡ್. ಇಲ್ಲವಾದರೆ ನೆಲ ನಿಮ್ಮ ಅನುಭವದ್ದು, ಮರ ಸರ್ಕಾರದ್ದು. ಎಲೆ ಉದುರಿದರೆ ಗುಡಿಸುವುದು ನೀವು. ಕೊಂಬೆ ಮುರಿದು ಹೆಂಚು ಒಡೆದರೆ ಹೆಂಚು ನಿಮ್ಮದು, ಕೊಂಬೆ ಸರ್ಕಾರದ್ದು. ಇನ್ನೂ ರುಚಿಯಾದ ವಿಷಯವೆಂದರೆ, ಹಿಂದೆ ಬಾಣೆ ಕೊಟ್ಟದ್ದೇ ಗದ್ದೆ ಮಾಡುವವನ ಮನೆಬಳಕೆಗೆ. ಸೊಪ್ಪು, ಸೌದೆ, ದನಕ್ಕೆ ಮೇವು, ಮನೆಗೆ ಬೇಕಾದ ಮರ. ಆ ಹಕ್ಕಿನಿಂದಲೇ ಮನೆತನಗಳ ಮೂಲಮನೆಗಳಾದ ಐನ್‌ಮನೆಗಳು ಎದ್ದವು. ಹಳೆಯ ಐನ್‌ಮನೆಯ ಕೈಯಾಲೆಗೆ, ಅಂದರೆ ಜಗಲಿಗೆ, ಹೋಗಿ ಐಮರವೆಂಬ ಕೂರುವ ಹಲಗೆಯ ಮೇಲೆ ಕೂತು ನೋಡಿ. ಕಂಬದಿಂದ ಕಂಬಕ್ಕೆ ಒಂದೇ ಹಲಗೆ, ಅಂಗೈಗಿಂತ ದಪ್ಪ. ಅದನ್ನು ಕೂರಿಸಿದ ಆಚಾರಿಗೆ ಟ್ರಾನ್ಸಿಟ್ ಪರ್ಮಿಟ್ ಎಂಬ ಪದ ಗೊತ್ತಿರಲಿಲ್ಲ.

ಈಗ ಕಾಲ ಬೇರೆ. ಗಾಳಿಗೆ ಉರುಳಿದ ಬೀಟೆಯಿಂದ ಮೂರಡಿ ಉದ್ದ, ಆರಿಂಚು ಅಗಲ, ಒಂದಿಂಚು ದಪ್ಪದ ಹಲಗೆ ಬೇಕು ಎಂದು ಒಬ್ಬರು ಅರಣ್ಯ ಇಲಾಖೆಯ ಕಚೇರಿ ಮೆಟ್ಟಿಲು ಹತ್ತಿದರು ಎಂದಿಟ್ಟುಕೊಳ್ಳಿ.

“ಎಷ್ಟು ಲೋಡು?”

“ಲೋಡಲ್ಲ ಸಾರ್, ಒಂದು ಹಲಗೆ. ಪೆಟ್ಟಿಗೆ ಮಾಡೋಕೆ.”

“ಒಂದು ಹಲಗೆಗೆ ಕಾಲಂ ಇಲ್ಲ. ಕ್ಯೂಬಿಕ್ ಮೀಟರಲ್ಲಿ ಹೇಳಿ.”

“ಸೊನ್ನೆ ಪಾಯಿಂಟ್ ಸೊನ್ನೆ ಸೊನ್ನೆ ಮೂರು ಐದು.”

“ಇಷ್ಟು ಸೊನ್ನೆ ಹಾಕಿದ್ರೆ ಕಂಪ್ಯೂಟರ್ ಸೊನ್ನೆ ಅಂತಲೇ ತೋರಿಸುತ್ತೆ. ಪಹಣಿ ತಂದಿದ್ದೀರಾ?”

“ಇದೆ ಸಾರ್.”

“ಇದರಲ್ಲಿ ಇರೋ ಪಟ್ಟೆದಾರ್ ಯಾರು?”

“ನಮ್ಮ ಮುತ್ತಜ್ಜ.”

“ಅವರನ್ನೇ ಕರ್ಕೊಂಡು ಬನ್ನಿ.”

“ಅವರು ಹೋಗಿ ಎಂಬತ್ತು ವರ್ಷ ಆಯ್ತು ಸಾರ್.”

“ಹಾಗಾದರೆ ಒಕ್ಕದ, ಅಂದ್ರೆ ನಿಮ್ಮ ಮನೆತನದ, ಎಲ್ಲಾ ಪಾಲುದಾರರ ಒಪ್ಪಿಗೆ ಪತ್ರ ಬೇಕು.”

ಪಾಲುದಾರರಲ್ಲಿ ಒಬ್ಬರು ಕೆನಡಾದಲ್ಲಿ, ಇಬ್ಬರು ಮೈಸೂರಿನಲ್ಲಿ ಮಾತು ಬಿಟ್ಟುಕೊಂಡು, ಒಬ್ಬರು ಗಡಿಯಲ್ಲಿ ಡ್ಯೂಟಿಯಲ್ಲಿ. ಒಪ್ಪಿಗೆ ಸಿಕ್ಕಿತು ಎಂದೇ ಇಟ್ಟುಕೊಳ್ಳೋಣ. ಆಮೇಲೆ ಕಂದಾಯದವರ ವರದಿ, ಸರ್ವೆ ನಕ್ಷೆ, ಸ್ಥಳ ಮಹಜರು, ಮರದ ಅಳತೆ, ಮರಕ್ಕೆ ಇಲಾಖೆಯ ಮುದ್ರೆ ಒತ್ತುವ ಹ್ಯಾಮರ್ ಮಾರ್ಕು, ಕೊನೆಗೆ ಸಾಗಣೆಯ ರಹದಾರಿ. ಸಾಗಣೆ ಎಲ್ಲಿಂದ ಎಲ್ಲಿಗೆ? ಬಾಣೆಯಿಂದ ಹಿಂದಿನ ಬಾಗಿಲಿಗೆ. ವಾಹನದ ನಂಬರ್ ಬರೆಯುವ ಜಾಗದಲ್ಲಿ ಹೆಗಲು ಎಂದು ಬರೆದರೆ ಅರ್ಜಿ ತಿರಸ್ಕೃತ.

ರೂಟರ್ ಟೇಬಲ್ಲಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಫೆನ್ಸಿಗೂ (ಹಲಗೆ ಒರಗಿಸಿ ಓಡಿಸುವ ನೇರ ಪಟ್ಟಿ) ಬಿಟ್ಟಿಗೂ ನಡುವೆ ಹಲಗೆ ಸಿಕ್ಕಿಸಬಾರದು. ಸಿಕ್ಕಿಸಿದರೆ ಬಿಟ್ಟು ಅದನ್ನು ಕಸಿದು ಕೋಣೆಯ ಆಚೆ ಬದಿಗೆ ಎಸೆಯುತ್ತದೆ. ಕಂದಾಯಕ್ಕೂ ಅರಣ್ಯಕ್ಕೂ ನಡುವೆ ಸಿಕ್ಕಿಕೊಂಡ ಹಲಗೆಗೆ ಆ ಅಪಾಯವಿಲ್ಲ. ಅದು ಎಲ್ಲಿಗೂ ಹಾರುವುದಿಲ್ಲ. ಗೆದ್ದಲು ಬರುವವರೆಗೆ ಅಲ್ಲೇ ಇರುತ್ತದೆ.

ಒಂದು ಮಾತು ಒಪ್ಪಬೇಕು. ಕಾನೂನು ಸುಮ್ಮನೆ ಹುಟ್ಟಿದ್ದಲ್ಲ. 1976ರಲ್ಲಿ ಮರಗಳ ಸಂರಕ್ಷಣಾ ಕಾಯ್ದೆ ಬರದೆ ಇದ್ದಿದ್ದರೆ ಈ ಬೆಟ್ಟಗಳ ತಲೆ ಎಂದೋ ಬೋಳಾಗುತ್ತಿತ್ತು. ಬೀಟೆಗೆ ಇರುವ ಬೆಲೆಗೆ ಕಳ್ಳರೂ ಇದ್ದಾರೆ. 2017ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಕಡಿವಾಣ ಇದೆ. ಸರಿಯೇ. ಆದರೆ ರಾತ್ರಿ ಲಾರಿಯಲ್ಲಿ ಹೋಗುವವನು ಯಾವ ಫಾರಂ ತುಂಬುತ್ತಾನೆ ಹೇಳಿ? ಸಾಲಿನಲ್ಲಿ ನಿಂತು ಫಾರಂ ತುಂಬುವವನು ಮೊಮ್ಮಗಳಿಗೆ ಪೆನ್ಸಿಲ್ ಪೆಟ್ಟಿಗೆ ಮಾಡಲು ಹೊರಟ ಅಜ್ಜ. ಜರಡಿ ಹಿಡಿದು ಕೂತಿರುವುದು ಅವನಿಗೇ.

ಹಾಗಾದರೆ ಕೊಡಗಿನಲ್ಲಿ ತಂಟೆಯಿಲ್ಲದೆ ಕಡಿಯಬಹುದಾದ ಮರವೇ ಇಲ್ಲವೇ? ಇದೆ. ಕಾಯ್ದೆಯಲ್ಲೇ ವಿನಾಯಿತಿಯ ಪಟ್ಟಿ ಇದೆ. ಸಿಲ್ವರ್ ಓಕ್, ನೀಲಗಿರಿ, ಗಾಳಿಮರ, ರಬ್ಬರ್, ಸುಬಾಬುಲ್. ಒಂದೊಂದರ ಹುಟ್ಟೂರು ಕೇಳಿ: ಆಸ್ಟ್ರೇಲಿಯಾ, ಮತ್ತೆ ಆಸ್ಟ್ರೇಲಿಯಾ, ಆಗ್ನೇಯ ಏಷ್ಯಾ ಮತ್ತು ಆಸ್ಟ್ರೇಲಿಯಾ, ಬ್ರೆಜಿಲ್, ಮೆಕ್ಸಿಕೋ ಕಡೆ. ಪಟ್ಟಿಯಲ್ಲಿ ಒಂದೆರಡು ನಮ್ಮವೂ ಇವೆ, ತೆಂಗಿನಂಥವು. ಆದರೂ ಒಟ್ಟು ನೀತಿ ಸ್ಪಷ್ಟ. ಮರಕ್ಕೆ ಪಾಸ್‌ಪೋರ್ಟ್ ಇದ್ದರೆ ಕಡಿಯಬಹುದು, ಪಹಣಿ ಇದ್ದರೆ ಕಷ್ಟ. ಬೀಟೆ ನೆಟ್ಟರೆ ಮೊಮ್ಮಕ್ಕಳಿಗೆ ಕೋರ್ಟು, ಸಿಲ್ವರ್ ಓಕ್ ನೆಟ್ಟರೆ ಮಗನಿಗೆ ದುಡ್ಡು. ಕಾಳುಮೆಣಸಿನ ಬಳ್ಳಿಯನ್ನೂ ಅದೇ ಹೊರುತ್ತದೆ. ತೋಟದಲ್ಲಿ ಊರಿನ ನೆರಳುಮರ ಹೋಗಿ ಸಿಲ್ವರ್ ಓಕ್ ಸಾಲು ಏಳುತ್ತಿದೆ ಎಂದು ಸಭೆಗಳಲ್ಲಿ ಕಣ್ಣೀರು ಹಾಕುವವರು ಈ ಪಟ್ಟಿಯನ್ನೂ ಒಮ್ಮೆ ಓದಬೇಕು. ಸಂರಕ್ಷಣೆಗೆಂದು ಬರೆದ ಕಾಗದವೇ ಯಾವ ಗಿಡ ನೆಡಬಾರದು ಎಂದು ರೈತನಿಗೆ ಕಲಿಸಿದೆ.

ಸಿಲ್ವರ್ ಓಕ್ ಕೂಡ ಬೇಡ ಅನ್ನುವವರಿಗೆ ಪೈನ್. ನ್ಯೂಜಿಲೆಂಡಿನಲ್ಲಿ ಬೆಳೆದು, ಗುಜರಾತಿನ ಕಾಂಡ್ಲಾದಲ್ಲಿ ಇಳಿದು, ಗಾಂಧಿಧಾಮದ ಮಿಲ್ಲುಗಳಲ್ಲಿ ಸೀಳಿಸಿಕೊಂಡು ದೇಶವೆಲ್ಲ ತಿರುಗುವ ಮರ. ಅಂಗಡಿಯ ಬಿಲ್ಲು ಒಂದಿದ್ದರೆ ಕೊಡಗಿನ ಗೇಟುಗಳಲ್ಲಿ ಅದಕ್ಕೆ ರಾಜಮರ್ಯಾದೆ. ಕೈಯಾಲೆಯಲ್ಲಿ ಕೂತು, ಎದುರಿಗೆ ನೂರು ವರ್ಷದ ಬೀಟೆಯನ್ನು ನೋಡುತ್ತಾ, ಸಮುದ್ರ ದಾಟಿ ಬಂದ ಪೈನ್ ಹಲಗೆಗೆ ಅಂಚು ಉರುಟು ಮಾಡುವುದೇ ಇಂದಿನ ಕೊಡಗಿನ ಗೃಹ ಕೈಗಾರಿಕೆ.

ಇನ್ನು ಕೋವಿ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಹಕ್ಕಿನ ಭೂಮಿ) ಹಿಡುವಳಿದಾರರಿಗೂ ಬಂದೂಕಿನ ಲೈಸೆನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಒಂದು ವಿನಾಯಿತಿ ಪತ್ರ ಸಾಕು. ಆ ಗೌರವದ ಬಗ್ಗೆ ನನ್ನ ತಕರಾರಿಲ್ಲ, ಹೆಮ್ಮೆಯೇ. ಆದರೆ ಲೆಕ್ಕ ನೋಡಿ. ಅದೇ ಜಮ್ಮಾ, ಅದೇ ಕುಟುಂಬ. ಆ ಕೈಗೆ ಕೋವಿ ಕೊಡಲು ಸರ್ಕಾರಕ್ಕೆ ಭಯವಿಲ್ಲ. ಉಳಿ ಮತ್ತು ಮೂರಡಿ ಹಲಗೆ ಕೊಡಲು ಮಾತ್ರ ಮಹಜರು ಬೇಕು.

ಆದ್ದರಿಂದ ಹೊಸ ಟೇಬಲ್ಲಿನಲ್ಲಿ ಮೊದಲು ಏನು ಮಾಡಲಿ ಎಂದು ಕೇಳುವವರಿಗೆ ನನ್ನ ಸಲಹೆ ಕೋವಿ ಸ್ಟ್ಯಾಂಡು, ಪೈನ್ ಮರದ್ದು. ನಳಿಗೆ ಕೂರಲು ಒಂದಿಂಚಿನ ದುಂಡುಮೂತಿಯ ಬಿಟ್ ಹಾಕಿ ಅಡ್ಡ ಗಾಡಿ ತೆಗೆಯಿರಿ. ದಪ್ಪ ಬಿಟ್ಟು, ಹಾಗಾಗಿ ವೇಗ ಇಳಿಸಿ. ಒಂದೇ ಸಲ ಪೂರ್ತಿ ಆಳಕ್ಕೆ ಹೋಗಬೇಡಿ, ಒಂದೊಂದು ಸಲಕ್ಕೆ ಮೂರು ಮಿಲಿಮೀಟರ್ ಸಾಕು. ಹಲಗೆಯ ಹಿಂದೆ ಬೇಡದ ತುಂಡೊಂದನ್ನು ಆನಿಸಿ. ಇಲ್ಲವಾದರೆ ಬಿಟ್ಟು ಹೊರಬರುವ ಕಡೆ ಪೈನ್ ಸಿಬಿರೇಳುತ್ತದೆ. ಅಂಚು ಉರುಟು ಮಾಡುವಾಗ ಬಲದಿಂದ ಎಡಕ್ಕೆ ತಳ್ಳಿ, ಬಿಟ್ಟಿನ ಓಟಕ್ಕೆ ಎದುರಾಗಿ. ಕೋವಿ, ಆಯುಧಗಳನ್ನು ಪೂಜಿಸುವ ಕೈಲ್ ಪೋಳ್ದ್ ಹಬ್ಬ ಸೆಪ್ಟೆಂಬರ್ 3ಕ್ಕೆ. ಅಷ್ಟರೊಳಗೆ ಪಾಲಿಶ್ ಒಣಗಬೇಕಾದರೆ ಜುಲೈಯಲ್ಲೇ ಶುರು ಮಾಡಿ, ಒಲೆಯ ಪಕ್ಕ ನಿಲ್ಲಿಸಿ. ಅಂಗಡಿಯ ಬಿಲ್ಲನ್ನು ಸ್ಟ್ಯಾಂಡಿನ ಹಿಂಬದಿಗೆ ಅಂಟಿಸಿಡಿ. ಕೋವಿಯ ಪತ್ರ ಯಾರೂ ಕೇಳಲಿಕ್ಕಿಲ್ಲ, ಹಲಗೆಯದ್ದು ಕೇಳಬಹುದು.